ಕಾರ್ಯಾಚರಣಾ ವ್ಯವಸ್ಥೆಯ ಯಂತ್ರಾಂತರ: ಪಾಠ ಮತ್ತು ಪಾಠಾಂತರ

ಜನಪದ ಕಾವ್ಯವೊಂದು ಪ್ರದೇಶದಿಂದ ಪ್ರದೇಶಕ್ಕೆ ಸಾಗುವಾಗ ಯಾವ ಅಂಶಗಳು ಸ್ಥಿರವಾಗಿ ಉಳಿಯುತ್ತವೆ, ಯಾವುವು ಸ್ಥಳೀಯವಾಗಿ ಮಾರ್ಪಡುತ್ತವೆ ಎಂಬುದು ಜಾನಪದ ಅಧ್ಯಯನದ ಮೂಲಭೂತ ಪ್ರಶ್ನೆ. ಗಣಕವಿಜ್ಞಾನವೂ ಇದೇ ಪ್ರಶ್ನೆಯನ್ನು ಎದುರಿಸಿದೆ. ಒಂದು ಬಗೆಯ ಪ್ರೊಸೆಸರಿಗೆಂದು ರಚಿತವಾದ ಕಾರ್ಯಾಚರಣಾ ವ್ಯವಸ್ಥೆಯನ್ನು ಮತ್ತೊಂದು ಬಗೆಯ ಪ್ರೊಸೆಸರಿಗೆ ಹೊಂದಿಸುವುದನ್ನು ಪೋರ್ಟಿಂಗ್ ಎನ್ನುತ್ತಾರೆ. ಪ್ರಸ್ತುತ ಲೇಖನದಲ್ಲಿ ಅದನ್ನು 'ಯಂತ್ರಾಂತರ' ಎಂದು ಕರೆದು, ಯುನಿಕ್ಸ್ ಮತ್ತು ಲಿನಕ್ಸ್‌ಗಳ ನಿದರ್ಶನದ ಮೂಲಕ ವಿವೇಚಿಸಲಾಗಿದೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ಮೊದಲು ಪಿಡಿಪಿ-7 ಗಣಕದ ಅಸೆಂಬ್ಲಿ ಭಾಷೆಯಲ್ಲಿತ್ತು. ಆ ಭಾಷೆ ಆಯಾ ಯಂತ್ರಕ್ಕಷ್ಟೇ ಸೀಮಿತವಾದುದರಿಂದ ಬೇರೆ ಗಣಕಕ್ಕಾಗಿ ಎಲ್ಲವನ್ನೂ ಹೊಸದಾಗಿ ಬರೆಯಬೇಕಿತ್ತು. 1973ರಲ್ಲಿ ಅದರ ತಿರುಳಾದ ಕರ್ನೆಲ್ಲನ್ನು ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ಮರುರಚಿಸಿದ ಮೇಲೆ ಯಂತ್ರಾಂತರದ ಹಾದಿ ತೆರೆಯಿತು. 1977ರಲ್ಲಿ ಆಸ್ಟ್ರೇಲಿಯದ ವುಲ್ಲೊಂಗಾಂಗ್ ವಿಶ್ವವಿದ್ಯಾನಿಲಯದ ರಿಚರ್ಡ್ ಮಿಲ್ಲರ್ ಅದನ್ನು ಇಂಟರ್‌ಡೇಟಾ 7/32 ಗಣಕಕ್ಕೆ ಒಯ್ದರು. ಅದೇ ಅವಧಿಯಲ್ಲಿ ರಿಚಿ ಮತ್ತು ಸ್ಟೀಫನ್ ಜಾನ್ಸನ್ ಇಂಟರ್‌ಡೇಟಾ 8/32ರ ಮೇಲೆ ಈ ಕಾರ್ಯವನ್ನು ಕೈಗೊಂಡರು.

ಇಂತಹ ಯಂತ್ರಾಂತರದ ತೊಡಕೊಂದು ವೃತ್ತಿವಲಯದಲ್ಲಿ ಐತಿಹ್ಯವಾಗಿ ಉಳಿದಿರುವುದು ಗಮನಾರ್ಹ. ಹೊಸ ಯಂತ್ರದ ಪರದೆಯ ಮೇಲೆ 'ಯುನಿಕ್ಸ್' ಎಂಬ ಹೆಸರಿನ ನಾಲ್ಕು ರೋಮನ್ ಅಕ್ಷರಗಳು ಎರಡೆರಡಾಗಿ ಸ್ಥಾನಪಲ್ಲಟಗೊಂಡು 'ನುಕ್ಸಿ' ಎಂದು ಮೂಡಿತೆನ್ನುತ್ತಾರೆ. ಎರಡು ಬೈಟುಗಳ ಪದದಲ್ಲಿ ಯಾವ ಬೈಟು ಮೊದಲು ಎಂಬ ಕ್ರಮ ಯಂತ್ರದಿಂದ ಯಂತ್ರಕ್ಕೆ ಭಿನ್ನವಾಗಿರುವುದೇ ಇದಕ್ಕೆ ಕಾರಣ. ಬರೆದವನಿಗೆ ಸಹಜವೆಂದು ತೋರಿದ್ದು ವಾಸ್ತವವಾಗಿ ಸ್ಥಳೀಯ ರೂಢಿಯಾಗಿತ್ತು. ಯಂತ್ರಾಂತರವು ಅದನ್ನು ಬಯಲಿಗೆ ತಂದಿತು.

ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕೂಡ ಇಂಟೆಲ್ 386 ಪ್ರೊಸೆಸರಿಗೆ ಬಿಗಿಯಾಗಿ ಬೆಸೆದುಕೊಂಡಿತ್ತು. 1995ರ 1.2ನೆಯ ಆವೃತ್ತಿಯ ವೇಳೆಗೆ ಆಲ್ಫಾ, ಸ್ಪಾರ್ಕ್, ಮಿಪ್ಸ್‌ಗಳಿಗೂ ಅದರ ಪಾಠಗಳು ಸಿದ್ಧವಾದವು. ಯಂತ್ರದ ಆರಂಭ, ಅಡಚಣೆ ಸಂಕೇತಗಳ ನಿರ್ವಹಣೆ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವ ಕ್ರಮ, ಸ್ಮೃತಿಯ ವಿಳಾಸಗಳ ಪರಿವರ್ತನೆ ಮೊದಲಾದ ಯಂತ್ರನಿಷ್ಠ ಭಾಗಗಳು 'ಆರ್ಚ್' ಎಂಬ ಪ್ರತ್ಯೇಕ ಕಡತಕೋಶದಲ್ಲಿವೆ. ಕಡತವ್ಯವಸ್ಥೆ, ಜಾಲಸಂಪರ್ಕಗಳ ಬಹುಭಾಗ ಎಲ್ಲ ಯಂತ್ರಗಳಿಗೂ ಸಮಾನವಾಗಿದೆ.

ಉಪಕರಣಗಳಲ್ಲಿ ಅಡಕವಾಗಿರುವ ಸಣ್ಣ ಗಣಕಗಳಲ್ಲಿ ಸಮಸ್ಯೆಯ ಸ್ವರೂಪ ಬೇರೆ. ಹಲವುಗಳಲ್ಲಿ ಸ್ಮೃತಿನಿರ್ವಹಣೆಯ ಘಟಕವೇ ಇರುವುದಿಲ್ಲ. ಅಲ್ಲಿ ಒಂದು ಕೆಲಸದ ಸ್ಮೃತಿಯನ್ನು ಇನ್ನೊಂದರಿಂದ ರಕ್ಷಿಸುವುದು ಕಷ್ಟ. ಸ್ಮೃತಿನಿರ್ವಹಣೆಯ ಘಟಕವುಳ್ಳ ಅಂಗೈ ಗಣಕಕ್ಕೆ ಲಿನಕ್ಸ್ ಹೊಂದಿದ ನಿದರ್ಶನ ಕರ್ನಾಟಕದಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ರೂಪಿಸಿ, 2001ರಲ್ಲಿ ಪ್ರದರ್ಶಿಸಿದ ಸಿಂಪ್ಯೂಟರ್ ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿನ ಮೇಲೆ ಲಿನಕ್ಸನ್ನು ನಡೆಸುತ್ತಿತ್ತು.

ಪಾಠಾಂತರಗಳು ಅಳಿಯುವುದೂ ಉಂಟು. ಲಿನಕ್ಸ್‌ನ ಮೂಲನೆಲೆಯಾದ 386ಕ್ಕೆ ಬೆಂಬಲ 2013ರ 3.8ನೆಯ ಆವೃತ್ತಿಯಲ್ಲಿ ನಿಂತಿತು. ಪೋಷಕರಿಲ್ಲದೆ ಸೊರಗಿದ ಇಟೇನಿಯಂ ಪಾಠವನ್ನು 2024ರ 6.7ನೆಯ ಆವೃತ್ತಿಯಲ್ಲಿ ಕೈಬಿಡಲಾಯಿತು. ಹಳೆಯ ಆವೃತ್ತಿಗಳು ಸಂಗ್ರಹದಲ್ಲಿ ದೊರೆಯುತ್ತವೆಯಾದರೂ, ತಿರುಳು ಬದಲಾದಂತೆಲ್ಲ ಪಾಠವನ್ನು ತಿದ್ದಿ, ಯಂತ್ರದ ಮೇಲೆ ನಡೆಸಿ ನೋಡುವವರಿಲ್ಲದಿದ್ದರೆ ಅದು ಬಳಕೆಯಿಂದ ಜಾರುತ್ತದೆ. ಹಾಡುವವರಿಲ್ಲದ ಕಾವ್ಯವು ಮುದ್ರಿತ ಪಠ್ಯವಾಗಿ ಮಾತ್ರ ಉಳಿಯುವುದನ್ನು ಬಲ್ಲ ಜಾನಪದ ವಿದ್ವಾಂಸರಿಗೆ ಈ ಸ್ಥಿತಿ ಅಪರಿಚಿತವಲ್ಲ. ಆದುದರಿಂದ ತಂತ್ರಾಂಶದ ದಾಖಲೀಕರಣದಲ್ಲಿ ಪಠ್ಯದೊಡನೆ ಅದು ನಡೆಯುವ ಯಂತ್ರವನ್ನೂ, ಅದನ್ನು ನಡೆಸಬಲ್ಲವರ ತಿಳಿವಳಿಕೆಯನ್ನೂ ಸಂರಕ್ಷಿಸುವುದು ಅವಶ್ಯಕವಾಗಿದೆ.