ಬಿಡುಗಡೆಯ ಹಾದಿ ತೆರೆದ ಒಂದು ಕಾಗದ

ಗುಲಾಮರ ಬಿಡುಗಡೆಯ ಮಾತು ಬಂದೊಡನೆ ನಮ್ಮ ಮನಸ್ಸು ಅಮೆರಿಕೆಯತ್ತ ಹರಿಯುವುದು ಸಹಜ. ಹಗಲು ಅಡಗಿ, ಇರುಳು ನಡೆದು, ಕನಿಕರವುಳ್ಳವರ ಮನೆಯಿಂದ ಮನೆಗೆ ಗುಟ್ಟಾಗಿ ಸಾಗಿ ಕೆನಡಾ ದೇಶವನ್ನು ಸೇರಿದವರ ವೃತ್ತಾಂತವನ್ನು ನಾವು ಓದಿದ್ದೇವೆ. ಹಳಿಯಾಗಲಿ ಬಂಡಿಯಾಗಲಿ ಇಲ್ಲದ ಆ ಗುಪ್ತಮಾರ್ಗಕ್ಕೆ 'ನೆಲದಡಿಯ ರೈಲುದಾರಿ' ಎಂದು ಹೆಸರು. 1849ರಲ್ಲಿ ತಾನು ಪಾರಾದ ಹ್ಯಾರಿಯೆಟ್ ಟಬ್‌ಮನ್ ಎಂಬ ಧೀರೆ, ಪ್ರಾಣದ ಹಂಗು ತೊರೆದು ಮತ್ತೆ ಮತ್ತೆ ಹಿಂದಿರುಗಿ, ಸುಮಾರು 70 ಮಂದಿಯನ್ನು ಅದೇ ಹಾದಿಯಲ್ಲಿ ಕರೆದೊಯ್ದಳು.

ಅಂಥದೊಂದು ಹಾದಿ ನಮ್ಮ ದೆಹಲಿಯ ಬಾಗಿಲಲ್ಲೇ ಬೇಕಾಗಿತ್ತೆಂಬುದನ್ನು ನಾವು ಮರೆಯಲಾಗದು.

ಜೀತಪದ್ಧತಿಯನ್ನು ರದ್ದುಗೊಳಿಸಿದ ಶಾಸನ 1976ರಲ್ಲಿ ಬಂದಿತು. ಜೀತದಾಳಿನ ಸಾಲವೆಲ್ಲ ಅಳಿಯಿತೆಂದು ಅದು ಸಾರಿತು. ಆದರೆ ನೆರೆಯ ಫರೀದಾಬಾದಿನ ಕಲ್ಲುಗಣಿಗಳಲ್ಲಿ, ದೂರದ ಪ್ರಾಂತಗಳಿಂದ ಬಂದ ಬಡವರು ಬಿಟ್ಟುಹೋಗುವ ಹಕ್ಕಿಲ್ಲದೆ ಕಲ್ಲೊಡೆಯುತ್ತಲೇ ಇದ್ದರು. 1981ರಲ್ಲಿ ಸ್ವಾಮಿ ಅಗ್ನಿವೇಶರು ಸ್ಥಾಪಿಸಿದ ಬಂಧುವಾ ಮುಕ್ತಿ ಮೋರ್ಚಾ ಆ ಗಣಿಗಳನ್ನು ಸುತ್ತಿ, ಕಂಡದ್ದನ್ನೆಲ್ಲ ಗುರುತಿಸಿಕೊಂಡು, 1982ರ ಫೆಬ್ರವರಿ 25ರಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರಿಗೆ ಒಂದು ಕಾಗದ ಬರೆಯಿತು. ಸುಪ್ರೀಂ ಕೋರ್ಟು ಅದನ್ನೇ ರಿಟ್ ಅರ್ಜಿಯೆಂದು ಪರಿಗಣಿಸಿ, ಇಬ್ಬರು ವಕೀಲರನ್ನು ಗಣಿಗಳಿಗೆ ಕಳುಹಿಸಿತು. ಉಸಿರು ಕಟ್ಟಿಸುವ ಕಲ್ಲುಧೂಳು, ಕುಡಿಯಲು ನಾಲೆಯ ಕೊಳಕು ನೀರು, ಕಲ್ಲು ಪೇರಿಸಿ ಹುಲ್ಲು ಹೊದಿಸಿದ, ನೆಟ್ಟಗೆ ನಿಲ್ಲಲೂ ಆಗದ ಗುಡಿಸಲು: ಇವು ಅವರಿಗೆ ಕಂಡ ದೃಶ್ಯಗಳು.

ಹರಿಯಾಣಾ ಸರ್ಕಾರದ ವಾದ ವಿಚಿತ್ರವಾಗಿತ್ತು. ಇವರು ಬಲವಂತದ ದುಡಿಮೆಗೆ ಸಿಲುಕಿರಬಹುದು, ಆದರೆ ಮುಂಗಡ ಪಡೆದದ್ದು ರುಜುವಾತಾಗದ ಹೊರತು ಜೀತದಾಳುಗಳಲ್ಲ ಎಂದು ಅದು ವಾದಿಸಿತು. ಅಕ್ಷರವರಿಯದವನು, ಧಣಿಯ ಲೆಕ್ಕದ ಪುಸ್ತಕವನ್ನೇ ಕಾಣದವನು, ತನ್ನ ಸಾಲಕ್ಕೆ ಸಾಕ್ಷಿಯನ್ನು ಎಲ್ಲಿಂದ ತಂದಾನು? 1983ರ ಡಿಸೆಂಬರ್ 16ರ ತೀರ್ಪು ಈ ಗಂಟನ್ನು ಬಿಡಿಸಿತು. ಬಲವಂತದ ದುಡಿಮೆ ಕಂಡುಬಂದಲ್ಲಿ ಅದು ಮುಂಗಡದ ಋಣಕ್ಕಾಗಿಯೇ ಎಂದು ಭಾವಿಸತಕ್ಕದ್ದು. ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು, ಸರ್ಕಾರದ್ದು. ಈ ಒಂದು ಮಾತಿನಿಂದ ಜೀತದಾಳಿನ ತಲೆಯ ಮೇಲಿದ್ದ ರುಜುವಾತಿನ ಭಾರ ಇಳಿಯಿತು. ಅಮೆರಿಕೆಯ ಗುಲಾಮನು ಶಾಸನಕ್ಕೆ ಹೆದರಿ ಕತ್ತಲೆಯಲ್ಲಿ ಓಡಬೇಕಾಗಿತ್ತು. ಇಲ್ಲಿ ಶಾಸನವನ್ನೇ ಗಣಿಯ ತನಕ ನಡೆಸಿಕೊಂಡು ಹೋಗಬೇಕಾಯಿತು.

ನಾವೂ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರೇ. ಆದರೆ ಬೇಡವೆನಿಸಿದ ದಿನ ಕರ್ನಾಟಕದ ರೈಲು ಹತ್ತುವ ಸ್ವಾತಂತ್ರ್ಯ ನಮಗುಂಟು. ಇಟ್ಟಿಗೆಗೂಡಿನಲ್ಲೋ, ಕಟ್ಟಡದ ಕೆಲಸದಲ್ಲೋ ಆ ಸ್ವಾತಂತ್ರ್ಯವಿಲ್ಲದವರು ಕಣ್ಣಿಗೆ ಬಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸುವುದು ನಮ್ಮ ಕರ್ತವ್ಯ; ಅವರನ್ನು ಬಿಡಿಸುವ ಹೊಣೆಯನ್ನು ಶಾಸನವು ಆ ಅಧಿಕಾರಿಗೇ ವಹಿಸಿದೆ. ಅದಕ್ಕೆ ಬೇಕಾದದ್ದು ಒಂದು ಕಾಗದ ಮಾತ್ರ.