ಹಳೆಯ ಬ್ಯಾಟರಿಯೂ ಅದರ ಲೆಕ್ಕವೂ

ಮುಂಬಯಿ, ಪುಣೆಗಳಲ್ಲಿ ವಿದ್ಯುತ್ ಬಸ್ಸು, ರಿಕ್ಷಾಗಳು ಈಗ ಅಪರೂಪವಲ್ಲ. ಸಾಲ ಮಾಡಿ ಅಂಥ ರಿಕ್ಷಾ ಕೊಳ್ಳುವ ಯೋಚನೆಯಲ್ಲಿರುವ ಬಂಧುಗಳು ಒಂದು ಮಾತನ್ನು ತಿಳಿದಿರಬೇಕು. ಚಾಲಕನ ಮುಂದಿನ ಫಲಕದಲ್ಲಿ ಕಾಣುವ 'ಶೇಕಡಾ 30' ಎಂಬುದು ಅಳೆದು ಹೇಳಿದ್ದಲ್ಲ, ಲೆಕ್ಕ ಹಾಕಿ ಹೇಳಿದ್ದು.

ಪೆಟ್ರೋಲ್ ಟ್ಯಾಂಕಿನಲ್ಲಿ ತೇಲುವ ಗುಂಡೊಂದಿದ್ದು, ಎಣ್ಣೆ ಇಳಿದಂತೆ ಅದೂ ಇಳಿಯುತ್ತದೆ. ಬ್ಯಾಟರಿಯೊಳಗೆ ಹಾಗೆ ಇಣುಕಲಾಗದು. ಆದುದರಿಂದ ಗಾಡಿಯ ನಿಯಂತ್ರಕವು ಗೋದಾಮಿನ ಗುಮಾಸ್ತನಂತೆ, ಒಳಬಂದ ಹಾಗೂ ಹೊರಹೋದ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಜಮಾ-ಖರ್ಚು ಬರೆಯುತ್ತದೆ. ಅಳತೆಯ ಸಣ್ಣ ತಪ್ಪುಗಳು ದಿನದಿನಕ್ಕೂ ಕೂಡಿಕೊಳ್ಳುವುದರಿಂದ, ಆಗಾಗ ಮಾಲನ್ನೇ ಎಣಿಸಿ ಪುಸ್ತಕ ಸರಿಪಡಿಸಬೇಕಾಗುತ್ತದೆ. ಗಾಡಿ ನಿಂತು ವಿಶ್ರಮಿಸಿದಾಗಿನ ವೋಲ್ಟೇಜೇ ಆ ಎಣಿಕೆ. ಆದರೆ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚಿದ್ದರೂ ಕಡಿಮೆಯಿದ್ದರೂ ವೋಲ್ಟೇಜು ಸುಮಾರು 3.3ರ ಆಸುಪಾಸಿನಲ್ಲೇ ನಿಂತಿರುತ್ತದೆ. ಅಂಥ ಗಾಡಿಗಳನ್ನು ಆಗಾಗ ಪೂರ್ತಿ ತುಂಬಿಸಿರೆಂದು ತಯಾರಕರು ಹೇಳುವುದಕ್ಕೆ ಇದೂ ಒಂದು ಕಾರಣ.

ನಿಜವಾದ ಸಂಕಟ ಬೇರೆ. ವರ್ಷ ಕಳೆದಂತೆ ಗೋದಾಮೇ ಕಿರಿದಾಗುತ್ತದೆ! ಹೊಸದರಲ್ಲಿ 100 ಆಂಪಿಯರ್-ಗಂಟೆ ಹಿಡಿದ ಬ್ಯಾಟರಿ ಈಗ 80 ಹಿಡಿಯುತ್ತದೆನ್ನಿ. ಪೂರ್ತಿ ತುಂಬಿ ಹೊರಟು 70 ಖರ್ಚಾದ ಮೇಲೆ, ಹಳೆಯ ಅಂಕಿಯನ್ನೇ ನಂಬಿದ ನಿಯಂತ್ರಕ ಇನ್ನೂ 30 ಉಳಿದಿದೆ ಎನ್ನುತ್ತದೆ, ಉಳಿದಿರುವುದು ಹತ್ತೇ. ಸಾಲದ್ದಕ್ಕೆ ಮುಪ್ಪಿನ ಬ್ಯಾಟರಿಯ ಒಳತಡೆಯೂ ಹೆಚ್ಚುತ್ತದೆ. ಸಮತಟ್ಟಿನಲ್ಲಿ ಚೆನ್ನಾಗಿ ಓಡಿದ ಗಾಡಿ, ಮೂವರನ್ನು ಹೊತ್ತು ಸೇತುವೆಯ ಏರು ಹತ್ತುವಾಗ ವೋಲ್ಟೇಜು ಥಟ್ಟನೆ ಕುಸಿಯುತ್ತದೆ. ಸಾಲಾಗಿ ಜೋಡಿಸಿದ ಕೋಶಗಳಲ್ಲಿ ಅತಿ ದುರ್ಬಲವಾದ ಒಂದು ಕನಿಷ್ಠ ಮಿತಿಗಿಳಿದರೂ ಸಾಕು, ಅದನ್ನು ಕಾಪಾಡಲು ನಿಯಂತ್ರಕ ಶಕ್ತಿಯನ್ನೇ ಕಡಿಯಬೇಕು. ಹಿಂದೆ ಲಾರಿ ಬರುತ್ತಿರುವಾಗ ಇದು ತಮಾಷೆಯ ಮಾತಲ್ಲ.

ಒಳ್ಳೆಯ ನಿಯಂತ್ರಕವು ಆದುದರಿಂದ ಪ್ರತಿ ತುಂಬುವಿಕೆಯಲ್ಲೂ ಧಾರಣಶಕ್ತಿಯನ್ನು ಹೊಸದಾಗಿ ಅಂದಾಜು ಮಾಡುತ್ತದೆ, ಆಂಪಿಯರ್ ಲೆಕ್ಕವನ್ನು ವೋಲ್ಟೇಜಿನೊಂದಿಗೆ ತಾಳೆ ನೋಡುತ್ತದೆ, ಶಕ್ತಿಯನ್ನು ಒಮ್ಮೆಗೇ ಕಡಿಯದೆ ಮುನ್ಸೂಚನೆ ಕೊಟ್ಟು ಮೆಲ್ಲನೆ ಇಳಿಸುತ್ತದೆ. ಅಳೆಯುವ ಉಪಕರಣಕ್ಕೂ ಮುಪ್ಪುಂಟು. ಒಂದನ್ನೇ ನಂಬಿ ಕೂರುವುದು ಜಾಣತನವಲ್ಲ.

ನಿಸ್ಸಾನ್ ಲೀಫ್ ಕಾರು 2010ರ ಕೊನೆಯಲ್ಲಿ ಮಾರುಕಟ್ಟೆಗೆ ಬಂತು. ಅದರ ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇರಲಿಲ್ಲ. ಅಮೆರಿಕದ ಅರಿಜೋನಾದ ಉರಿಬಿಸಿಲಿನಲ್ಲಿ, 2012ರ ಹೊತ್ತಿಗೆ, ಧಾರಣಶಕ್ತಿ ತೋರುವ 12 ಗೆರೆಗಳು ಕೆಲವು ಕಾರುಗಳಲ್ಲಿ ಒಂದೊಂದಾಗಿ ಆರತೊಡಗಿದವು. ಮಾಲೀಕರು ಗದ್ದಲವೆಬ್ಬಿಸಿದರು, ಕಂಪನಿ 5 ವರ್ಷ ಅಥವಾ 60,000 ಮೈಲಿಗಳೊಳಗೆ 9 ಗೆರೆಗಿಂತ ಕೆಳಗಿಳಿದರೆ ದುರಸ್ತಿ ಮಾಡಿಕೊಡುವುದಾಗಿ ಒಪ್ಪಿತು. ಬ್ಯಾಟರಿ ಬೇಗ ಸೋತಿತು ನಿಜ. ಆದರೆ ತುಂಬಿದ ಪ್ರಮಾಣಕ್ಕೊಂದು, ಉಳಿದ ಧಾರಣಶಕ್ತಿಗೊಂದು ಎಂದು ಎರಡು ಗುರುತುಗಳನ್ನಿಟ್ಟದ್ದರಿಂದಲೇ ಮಾಲೀಕರ ಕೈಗೆ ಪುರಾವೆ ಸಿಕ್ಕಿತೆಂಬುದನ್ನು ಮರೆಯಬಾರದು. ರಿಕ್ಷಾ ಕೊಳ್ಳುವವರು ಅಂಗಡಿಯಲ್ಲಿ ಆ ಎರಡನೆಯ ಗುರುತು ಎಲ್ಲಿದೆಯೆಂದು ಕೇಳಲಿ, ಅದು ಎಷ್ಟಕ್ಕಿಳಿದರೆ ಬ್ಯಾಟರಿ ಬದಲಿಸಿಕೊಡುವರೆಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಲಿ.