ಬಾಂಡ್ ಕಾಗದದ ಬಿಡುಗಡೆ, ಕೋರ್ಟಿನ ವಿಚ್ಛೇದನ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಲ್ಲಿ ಗಂಡ ಹೆಂಡತಿ ಇನ್ನು ಕೂಡಿ ಬಾಳಲಾರರು ಎಂದಾದಾಗ ಮೊದಲು ಸೇರುವವರು ಎರಡೂ ಕಡೆಯ ಹಿರಿಯರು. ಅವರ ಮಾತಿಗೂ ಸಂಸಾರ ಹೊಂದದೇ ಹೋದರೆ ಕೊನೆಗೆ ಒಂದು ಛಾಪಾ ಕಾಗದ ಬರುತ್ತದೆ. ಜನ ಅದನ್ನು ಬಾಂಡ್ ಎನ್ನುತ್ತಾರೆ, ಉತ್ತರ ಕರ್ನಾಟಕದ ಹಲವೆಡೆ ಅದಕ್ಕೆ ಸೋಡಚೀಟಿ ಎಂಬ ಹಳೆಯ ಹೆಸರೂ ಇದೆ. ಇಂದಿನಿಂದ ಒಬ್ಬರ ಮೇಲೊಬ್ಬರಿಗೆ ಯಾವ ಹಕ್ಕೂ ಇಲ್ಲ, ಮುಂದೆ ಯಾರೂ ಏನನ್ನೂ ಕೇಳತಕ್ಕದ್ದಲ್ಲ ಎಂಬ ಎರಡು ಸಾಲು, ಅದರ ಕೆಳಗೆ ಸಹಿ ಇಲ್ಲವೆ ಹೆಬ್ಬೆಟ್ಟು, ಬದಿಯಲ್ಲಿ ಪಂಚರ ಹೆಸರು, ಮೂಲೆಯಲ್ಲಿ ನೋಟರಿಯ ದುಂಡು ಮುದ್ರೆ. ಬಳಿಚಕ್ರದಂಥ ಹಳ್ಳಿಯ ತವರಿಗೆ ಮರಳಿದ ಹೆಣ್ಣುಮಗಳು ಈ ಕಾಗದವನ್ನೇ ವಿಚ್ಛೇದನವೆಂದು ನಂಬಿ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದರೆ, ಬಹುಪಾಲು ಸಂದರ್ಭಗಳಲ್ಲಿ ಆ ನಂಬಿಕೆಗೆ ಕಾನೂನಿನ ಬೆಂಬಲವಿಲ್ಲ.

1955ರ ಹಿಂದೂ ವಿವಾಹ ಕಾಯ್ದೆ ರೂಢಿಯ ವಿಚ್ಛೇದನವನ್ನು ಪೂರ್ತಿಯಾಗಿ ತಳ್ಳಿಹಾಕಿಲ್ಲ ಎಂಬುದೇನೋ ನಿಜ. ಅದರ 29ನೇ ಕಲಂ ಸಮುದಾಯದ ರೂಢಿಯಿಂದ ಬಂದ ಬಿಡುಗಡೆಯ ಹಕ್ಕನ್ನು ಉಳಿಸಿಕೊಂಡಿದೆ. ಆದರೆ ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದಂತೆ, ಅಂಥ ರೂಢಿ ಸಾಮಾನ್ಯ ಕಾನೂನಿಗೆ ಅಪವಾದವಾದ್ದರಿಂದ, ಅದು ತಮ್ಮ ಸಮುದಾಯದಲ್ಲಿ ಇದೆ ಎನ್ನುವವರೇ ಅದನ್ನು ಸ್ಪಷ್ಟವಾಗಿ ವಾದಿಸಿ ಸಾಕ್ಷ್ಯದಿಂದ ಸಾಬೀತುಪಡಿಸಬೇಕು. ಸಾಬೀತಾಗದಿದ್ದರೆ ಮದುವೆ ಇದ್ದ ಹಾಗೆಯೇ ಇರುತ್ತದೆ; ಬಾಂಡನ್ನು ನೆಚ್ಚಿಕೊಂಡು ಉಡಿಕಿ, ಅಂದರೆ ಮರುಮದುವೆ, ಆದವರ ಮೇಲೆ ದ್ವಿಪತಿತ್ವ ಅಥವಾ ದ್ವಿಪತ್ನಿತ್ವದ ಆರೋಪ ಬರಬಹುದು, ಆ ಎರಡನೆಯ ಮದುವೆಯೇ ಅಸಿಂಧುವಾಗಬಹುದು. ಇದಕ್ಕಿಂತ ಹೆಚ್ಚು ನೋವಿನ ಸಂಗತಿಯೆಂದರೆ ಆ ಎರಡು ಸಾಲುಗಳಲ್ಲಿ ಮಕ್ಕಳ ಅನ್ನವನ್ನೂ ಬಿಟ್ಟುಕೊಟ್ಟಂತೆ ಬರೆಸಿರುವುದು. ಮಗುವಿನ ಜೀವನಾಂಶ, ಅಂದರೆ ಊಟ, ಬಟ್ಟೆ, ಶಾಲೆಯ ಖರ್ಚಿಗೆ ತಂದೆಯಿಂದ ಬರಬೇಕಾದ ಹಣ, ಮಗುವಿನದೇ ಹಕ್ಕಾದ್ದರಿಂದ ತಾಯಿ ಹೆಬ್ಬೆಟ್ಟೊತ್ತಿದರೂ ಅದು ಹೋಗುವುದಿಲ್ಲ. ಈ ಮಾತನ್ನು ಪಂಚರಾಗಿ ಕೂರುವ ಹಿರಿಯರೇ ಮೊದಲು ತಿಳಿದಿರಬೇಕು.

ಈ ಸೀಮೆಯ ದಾಂಪತ್ಯಗಳಿಗೆ ಗುಳೆಯ ಗಂಟೂ ಬಿದ್ದಿರುತ್ತದೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಮುಂಬೈಗೋ ದುಡಿಯಲು ಹೋದ ಗಂಡ ಮರಳದೆ ಇದ್ದಾಗ ಪ್ರಕರಣ ಎಲ್ಲಿ ಹೂಡಬೇಕು ಎಂಬ ಪ್ರಶ್ನೆ ಏಳುತ್ತದೆ. ಹಿಂದೂ ವಿವಾಹ ಕಾಯ್ದೆಯ 2003ರ ತಿದ್ದುಪಡಿ ಇದಕ್ಕೆ ದಾರಿ ಮಾಡಿಕೊಟ್ಟಿದೆ: ಮದುವೆ ನಡೆದ ಸ್ಥಳ, ಪ್ರತಿವಾದಿ ವಾಸಿಸುವ ಸ್ಥಳ, ಇಬ್ಬರೂ ಕೊನೆಯದಾಗಿ ಕೂಡಿ ಬಾಳಿದ ಸ್ಥಳ ಇವುಗಳ ಜೊತೆಗೆ, ಅರ್ಜಿದಾರಳು ಹೆಂಡತಿಯಾಗಿದ್ದರೆ ಆಕೆ ಈಗ ವಾಸವಿರುವ ಸ್ಥಳದ ನ್ಯಾಯಾಲಯಕ್ಕೂ ಅಧಿಕಾರವಿರುತ್ತದೆ. ಎಂದರೆ ಬಳಿಚಕ್ರದಲ್ಲಿ ತವರಿನಲ್ಲಿರುವವಳು ಗಂಡನ ಜಾಡು ಹಿಡಿದು ಮುಂಬೈಗೆ ಅಲೆಯಬೇಕಿಲ್ಲ, ಯಾದಗಿರಿಯಲ್ಲಿಯೇ ಅರ್ಜಿ ಹಾಕಬಹುದು. ಆದರೆ ದುಡಿಯಲು ಊರು ಬಿಟ್ಟದ್ದೇ ಪರಿತ್ಯಾಗವಾಗದು; ಕಾನೂನಿನ ಮಾತಿನಲ್ಲಿ ಪರಿತ್ಯಾಗವೆಂದರೆ ತಕ್ಕ ಕಾರಣವಿಲ್ಲದೆ, ಇನ್ನೊಬ್ಬರ ಒಪ್ಪಿಗೆಯಿಲ್ಲದೆ, ಸಂಸಾರವನ್ನು ಕೈಬಿಡುವ ಉದ್ದೇಶದಿಂದಲೇ ದೂರವಾಗಿ ಅರ್ಜಿಗೆ ಹಿಂದಿನ 2 ವರ್ಷ ಸತತವಾಗಿ ಹಾಗೆಯೇ ಉಳಿದಿರುವುದು. ತಿಂಗಳಿಗೊಮ್ಮೆ ಹಣ ಕಳಿಸುತ್ತ, ಹಬ್ಬಕ್ಕೆ ಬಂದು ಹೋಗುವವನು ಹೆಂಡತಿಯನ್ನು ತ್ಯಜಿಸಿದವನಲ್ಲ. ಕ್ರೌರ್ಯ, ವ್ಯಭಿಚಾರ, 7 ವರ್ಷಗಳಿಂದ ಬದುಕಿರುವ ಸುದ್ದಿಯೇ ಇಲ್ಲದಿರುವುದು ಮುಂತಾದವೂ ವಿಚ್ಛೇದನದ ಆಧಾರಗಳೇ. ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು ಮಾತ್ರ, ತೀರ ಅಸಾಧಾರಣ ಕಷ್ಟವಿದ್ದ ಹೊರತು, ಅರ್ಜಿ ಹಾಕಲಾಗದು. ಮುಸ್ಲಿಂ ಹೆಣ್ಣುಮಕ್ಕಳಿಗೆ 1939ರ ಕಾಯ್ದೆಯಿದ್ದು, ಗಂಡನ ಪತ್ತೆ 4 ವರ್ಷ ಇಲ್ಲದಿದ್ದರೆ ಅಥವಾ ಅವನು 2 ವರ್ಷ ಜೀವನಾಂಶ ಕೊಡದಿದ್ದರೆ ಕೋರ್ಟಿನ ಮೂಲಕ ಬಿಡುಗಡೆ ಪಡೆಯಬಹುದು.

ಪ್ರಕರಣದ ಗಟ್ಟಿತನ ಇರುವುದು ಕೋರ್ಟಿನ ಕಟಕಟೆಯಲ್ಲಿ ಅಲ್ಲ, ಅದಕ್ಕೆ ಮೊದಲು ಮನೆಯಲ್ಲಿ ಕೂಡಿಹಾಕುವ ಕಾಗದಗಳಲ್ಲಿ. ಸಾಮೂಹಿಕ ವಿವಾಹದಲ್ಲಿ ಮದುವೆಯಾಗಿ ನೋಂದಣಿ ಮಾಡಿಸದವರಿಗೆ ಲಗ್ನಪತ್ರಿಕೆ, ತಾಳಿ ಕಟ್ಟುವ ಹೊತ್ತಿನ ಫೋಟೊ, ಸಂಘಟಕರು ಕೊಟ್ಟ ಪ್ರಮಾಣಪತ್ರ ಇವೇ ಮದುವೆಯ ಪುರಾವೆ. ಮಕ್ಕಳ ಜನನ ಪತ್ರ, ಆಧಾರ್, ರೇಷನ್ ಕಾರ್ಡ್, ಹೊಡೆತ ಬಿದ್ದಾಗ ಆಸ್ಪತ್ರೆಯಲ್ಲಿ ಬರೆದ ಚೀಟಿ, ಠಾಣೆಗೆ ಕೊಟ್ಟ ದೂರಿನ ಸ್ವೀಕೃತಿ, ಫೋನಿಗೆ ಬಂದ ಸಂದೇಶ, ಗಂಡನ ಹೆಸರಿನ ಹೊಲದ ಪಹಣಿ ಇವೆಲ್ಲವನ್ನೂ ಒಂದೆಡೆ ಇಡಬೇಕು. ಸ್ತ್ರೀಧನ, ಅಂದರೆ ಮದುವೆಯ ಮುಂಚೆ, ಮದುವೆಯಲ್ಲಿ, ಆಮೇಲೆ ಹೆಣ್ಣಿಗೆಂದೇ ಬಂದ ಬಂಗಾರ, ಪಾತ್ರೆ, ಹಣ ಎಷ್ಟು, ಅದು ಯಾರ ಬಳಿ ಇದೆ ಎಂದು ನೆನಪು ಹಸಿಯಿರುವಾಗಲೇ ಬರೆದಿಡಬೇಕು. ಮೂರು ವರ್ಷ ಕಳೆದು ಪಾಟಿ ಸವಾಲಿನಲ್ಲಿ ಸರದ ತೂಕ ಕೇಳಿದಾಗ ತಡವರಿಸುವುದಕ್ಕಿಂತ ಅದು ಎಷ್ಟೋ ಮೇಲು.

ವಕೀಲರ ಖರ್ಚಿಗೆ ಹೆದರಿ ಬಾಂಡಿಗೆ ಒಪ್ಪಿಕೊಳ್ಳುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಗೊತ್ತಿಲ್ಲದಿರುವುದು ದೊಡ್ಡ ನಷ್ಟ. ಅದರ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರಿಗೆ ಅರ್ಹರು. ಯಾದಗಿರಿಯ ಜಿಲ್ಲಾ ಪ್ರಾಧಿಕಾರದಲ್ಲಿ, ತಾಲೂಕು ಮಟ್ಟದ ಸಮಿತಿಗಳಲ್ಲಿ ಬಿಳಿ ಹಾಳೆಯ ಮೇಲೆ ಅರ್ಜಿ ಕೊಡಬಹುದು, 15100 ಸಂಖ್ಯೆಗೆ ಕರೆಮಾಡಿ ವಿಚಾರಿಸಬಹುದು. ಹಾಗೆ ನೇಮಕವಾದ ವಕೀಲರು ಕಕ್ಷಿಗಾರರಿಂದ ಶುಲ್ಕ ಪಡೆಯುವಂತಿಲ್ಲ. ಹೊಡೆತ ಬಡಿತ ನಡೆದೇ ಇದ್ದರೆ ವಿಚ್ಛೇದನಕ್ಕೆ ಕಾಯದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ನೆರವು ಪಡೆದು ರಕ್ಷಣಾ ಆದೇಶವನ್ನೂ ವಾಸದ ಹಕ್ಕನ್ನೂ ಕೇಳಬಹುದು.

ಇಬ್ಬರೂ ಒಪ್ಪಿದ್ದರೆ ದಾರಿ ಹತ್ತಿರದ್ದು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13ಬಿ ಕಲಮಿನ ಪ್ರಕಾರ ಒಂದು ವರ್ಷ ಬೇರೆ ಬಾಳಿದ ದಂಪತಿ ಜಂಟಿ ಅರ್ಜಿ ಸಲ್ಲಿಸಿ, 6 ತಿಂಗಳ ಬಳಿಕ, 18 ತಿಂಗಳು ಮೀರುವ ಮೊದಲು ಮತ್ತೆ ಬಂದು ಒಪ್ಪಿಗೆಯನ್ನು ದೃಢಪಡಿಸುತ್ತಾರೆ. ಈ 6 ತಿಂಗಳ ಕಾಯುವಿಕೆಯನ್ನು ತಕ್ಕ ಸಂದರ್ಭದಲ್ಲಿ ಸಡಿಲಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹಿರಿಯರ ಪಂಚಾಯಿತಿಗೆ ನಿಜವಾದ ಬೆಲೆ ಬರುವುದು ಇಲ್ಲಿ: ಮಕ್ಕಳು ಯಾರ ಬಳಿ, ಹಣ ಎಷ್ಟು, ಬಂಗಾರ ಯಾವಾಗ ವಾಪಸ್ಸು ಎಂದು ಅವರು ಕುದುರಿಸಿದ ಮಾತನ್ನು ಬಾಂಡಿಗೆ ಬರೆಸಿ ಮುಗಿಸುವ ಬದಲು ಜಂಟಿ ಅರ್ಜಿಯ ಷರತ್ತುಗಳಾಗಿ ಕೋರ್ಟಿಗೆ ಒಯ್ದರೆ ಅದೇ ಮಾತಿಗೆ ಡಿಕ್ರಿಯ, ಅಂದರೆ ಜಾರಿಗೊಳಿಸಬಹುದಾದ ತೀರ್ಪಿನ ಬಲ ಬರುತ್ತದೆ.

ಒಪ್ಪಿಗೆಯಿಲ್ಲದ ಪ್ರಕರಣ ಉದ್ದಕ್ಕೆ ಎಳೆಯುತ್ತದೆ. ಸಮನ್ಸ್ ಹೋಗಬೇಕು, ವಿಳಾಸ ಸಿಗದಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಹೊರಡಬೇಕು, ನ್ಯಾಯಾಧೀಶರು ಮೊದಲು ರಾಜಿಗೆ ಯತ್ನಿಸಬೇಕು, ಆಮೇಲೆ ಸಾಕ್ಷ್ಯ. ಈ ನಡುವೆ ಹೊಟ್ಟೆಪಾಡಿಗೆ ಅದೇ ಕಾಯ್ದೆಯ 24ನೇ ಕಲಮಿನಡಿ ಮಧ್ಯಂತರ ಜೀವನಾಂಶ ಕೇಳಬೇಕು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕೆಂದೂ, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕೆಂದೂ ವಿಧಿಸಿದ್ದರಿಂದ ಅರ್ಜಿಯನ್ನು ಮುಂದೂಡಿದಷ್ಟೂ ನಷ್ಟ. ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರಿಗೆ ಹಕ್ಕಿನಿಂದ ಪ್ರವೇಶವಿಲ್ಲ, ಕೋರ್ಟಿನ ಅನುಮತಿಯಿಂದ ಮಾತ್ರ. ಆದ್ದರಿಂದ ಕಕ್ಷಿಗಾರರು ತಮ್ಮ ಅರ್ಜಿಯಲ್ಲಿ ಏನಿದೆ ಎಂದು ಓದಿಸಿ ಕೇಳಿ, ನ್ಯಾಯಾಧೀಶರು ಕೇಳಿದಾಗ ತಮ್ಮ ಮಾತಿನಲ್ಲೇ ಹೇಳುವಷ್ಟು ತಿಳಿದಿರಬೇಕು.

ಡಿಕ್ರಿ ಬಂದ ದಿನವೇ ಉಡಿಕಿಯ ಮುಹೂರ್ತ ಇಡುವಂತಿಲ್ಲ. ಹಿಂದೂ ವಿವಾಹ ಕಾಯ್ದೆಯ 15ನೇ ಕಲಮಿನಂತೆ ಮೇಲ್ಮನವಿಯ ಅವಧಿ ಮುಗಿಯಬೇಕು, ಮೇಲ್ಮನವಿ ಹೋಗಿದ್ದರೆ ಅದು ವಜಾ ಆಗಿರಬೇಕು. ಅಲ್ಲಿಯವರೆಗೆ ಮಾಡಬೇಕಾದ ಕೆಲಸವೆಂದರೆ ಕೋರ್ಟಿನ ನಕಲು ವಿಭಾಗಕ್ಕೆ ಅರ್ಜಿ ಕೊಟ್ಟು ಡಿಕ್ರಿಯ ದೃಢೀಕೃತ ಪ್ರತಿಗಳನ್ನು ಎರಡು ಮೂರು ತೆಗೆಸಿ, ಒಂದನ್ನು ರೇಷನ್ ಕಾರ್ಡು ಬೇರೆ ಮಾಡಿಸುವುದಕ್ಕೆ ಬಳಸಿ, ಉಳಿದವನ್ನು ಆ ಹಳೆಯ ಬಾಂಡ್ ಇದ್ದ ಪೆಟ್ಟಿಗೆಯಲ್ಲಿ ಇಡುವುದು.